ಕೊಕ್ಕೆ ಕಟ್ಟಿದ ಆಷಾಢ

ಮೊನ್ನೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಕಣ್ಣು ತೋರಿಸಲು ಹೋಗಿದ್ದೆ. ಕಣ್ಣಿಗೆ ಹನಿ ಬಿಟ್ಟು, ಮುಚ್ಚಿಕೊಂಡೇ ಇರಬೇಕು ಅಜ್ಜಿ ಎಂದು ಹೇಳಿ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಕಣ್ಣು ಮುಚ್ಚಿದ ಮೇಲೆ ಮೂಗಿಗೆ ಕೆಲಸ ತಾನೆ? ಪಕ್ಕದ ಅಂಗಡಿಯವರು ಆಟೋದಿಂದ ಗ್ಯಾಸ್ ಒಲೆಯ ಪೈಪಿನ ಸುರುಳಿಗಳನ್ನು ಇಳಿಸುತ್ತಿದ್ದರು. ಹೊಸ ರಬ್ಬರಿನ ವಾಸನೆ ಗಪ್ಪೆಂದು ಬಂತು. ನನಗೆ ನಗು ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಕೊಂಡು ಒಬ್ಬಳೇ ನಗುವ ಮುದುಕಿಯನ್ನು ಕಂಡು ಪಕ್ಕದಲ್ಲಿದ್ದವರು ಸರಿದು ಕೂತರು. ಸರಿಯಲಿ. ನನ್ನ ಸಂತೋಷ ನನಗೆ.

ಆ ವಾಸನೆ ನಮ್ಮ ಮನೆಯೊಳಗೆ ಬಂದದ್ದು ಹೋದ ವರ್ಷದ ಆಷಾಢದಲ್ಲಿ, ನನ್ನ ಮೊಮ್ಮಗಳು ಪಲ್ಲವಿಯ ಚೀಲದ ಜೊತೆ.

ನಾವಿರುವುದು ಹರಿಹರದಲ್ಲಿ, ಹೊಳೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ. ಮಗ ಮಂಜಪ್ಪ ದಾವಣಗೆರೆಯಲ್ಲಿ ಬಸ್ಸು ರಿಪೇರಿ ಮಾಡುವ ಮೆಕ್ಯಾನಿಕ್ಕು. ಸೊಸೆ ಅಂಗನವಾಡಿಗೆ ಹೋಗುತ್ತಾಳೆ. ಹಗಲಿಗೆ ಮನೆಗೆ ನಾನೇ ಯಜಮಾನಿ. ಪಲ್ಲವಿ ಡಿಗ್ರಿ ಮುಗಿಸಿ ಕರಾವಳಿ ಕಡೆ ಒಂದು ಕಂಪನಿ ಸೇರಿದ್ದಳು. ಪ್ರವಾಸಕ್ಕೆ ಬಂದವರನ್ನು ದೋಣಿಯಲ್ಲಿ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಸಮುದ್ರದೊಳಗೆ ಇಳಿಸಿ, ಮೀನು ತೋರಿಸಿಕೊಂಡು ಬರುವ ಕಂಪನಿಯಂತೆ. ಇವಳದು ದಡದಲ್ಲಿ ಕೂತು ಚೀಟಿ ಬರೆಯುವ ಕೆಲಸ ಎಂದಷ್ಟೇ ನಮಗೆ ಗೊತ್ತಿತ್ತು. ಮಳೆಗಾಲದಲ್ಲಿ ಸಮುದ್ರ ಕೆರಳುತ್ತದೆ, ದೋಣಿ ಬಿಡುವುದಿಲ್ಲ, ಕಂಪನಿಗೆ ಬೀಗ. ಅದಕ್ಕೇ ಊರಿಗೆ ಬಂದಿದ್ದಳು.

ಪಂಚಮಿ ಹಬ್ಬ ಕಳೆದ ಮೇಲೆ ರಾಣೆಬೆನ್ನೂರು ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಪಲ್ಲವಿ ಮಾತ್ರ, ಮಳೆ ನಿಂತ ಕೂಡಲೇ ನಾನು ತಿರುಗಿ ಕೆಲಸಕ್ಕೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ಒಂದು ಬೆಳಿಗ್ಗೆ ಮಂಜಪ್ಪ ಚಹಾ ಲೋಟ ಕೆಳಗಿಟ್ಟು ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಅವ್ವಾ, ಇವಳು ಅಲ್ಲಿ ಏನ್ ಮಾಡ್ತಾಳೋ ನೆಟ್ಟಗೆ ಹೇಳಲ್ಲ. ಕೇಳಿದ್ರೆ ನಕ್ಕು ಎದ್ದು ಹೋಗ್ತಾಳೆ. ಹಗಲೆಲ್ಲ ನೀನೇ ಜೊತಿಗಿರ್ತಿ, ಒಂದ್ ಕಣ್ಣಿಡು. ನಿನಗೆ ಸರಿ ಅನ್ಸಿದ್ರೆ ಕಳಸಾನ. ಇಲ್ಲಂದ್ರೆ ಇಲ್ಲ. ನಿನ್ನ ಮಾತೇ ಕೊನಿ."

ಮೂರನೇ ಕ್ಲಾಸು ಓದಿದವಳಿಗೆ ಪೊಲೀಸ್ ಕೆಲಸ ಸಿಕ್ಕಂತಾಯಿತು. ಒಂದು ಕಣ್ಣು ಎಂದರೆ ನಾನು ಎರಡನ್ನೂ ಇಟ್ಟೆ.

ಆ ವರ್ಷ ನಮ್ಮಲ್ಲಿ ಮಳೆ ಕಡಿಮೆ, ಗಾಳಿ ಹೆಚ್ಚು. ಆಷಾಢದ ಗಾಳಿ ಓಣಿಯ ತಗಡುಗಳನ್ನೆಲ್ಲ ಬಡಿಯುತ್ತಿತ್ತು. ಮಳೆ ಬಿದ್ದದ್ದು ಎಲ್ಲೋ ಮೇಲಿನ ಸೀಮೆಯಲ್ಲಿ, ಹೊಳೆ ತುಂಬಿದ್ದು ನಮ್ಮೂರಲ್ಲಿ. ಕೆಂಪು ನೀರು ನೋಡಲು ಜನ ಸೇತುವೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದರು. ಊರೆಲ್ಲ ಹೊಳೆ ನೋಡುತ್ತಿದ್ದರೆ ನಾನು ಒಂದು ಚೀಲವನ್ನು ನೋಡುತ್ತಿದ್ದೆ.

ಬಟ್ಟೆ ತುಂಬಿದ ಚೀಲ ಅಷ್ಟು ಭಾರವಿರುತ್ತದೆಯೆ? ಗಿರಣಿಗೆ ಒಯ್ಯುವ ಜೋಳದ ಮೂಟೆಯ ಹಾಗಿತ್ತು. ಕಸ ಹೊಡೆಯುವ ನೆಪದಲ್ಲಿ ಕಾಲಿನಿಂದ ತಳ್ಳಿದರೆ ಜರುಗಲೇ ಇಲ್ಲ, ಒಳಗೆ ಏನೋ ಕಬ್ಬಿಣ ಕಣ ಕಣ ಎಂದಿತು. ಮೇಲೆ ಆ ರಬ್ಬರಿನ ವಾಸನೆ. ಏನೇ ಅದು ಎಂದರೆ, "ಕಂಪನಿ ಸಾಮಾನು ಅಜ್ಜಿ." ಕಂಪನಿ ಸಾಮಾನು ಕಂಪನಿಯಲ್ಲಿರಬೇಕು. ಚೀಟಿ ಬರೆಯುವವಳಿಗೆ ಪೆನ್ನು ಸಾಲದೆ?

ಮಧ್ಯಾಹ್ನ ಊಟವಾದ ಮೇಲೆ ಅವಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸುಟ್ಟ ವಾಸನೆ. ಗೋಡೆಯಾಚೆ ಇರುವ ಗಂಗಕ್ಕನ ಮೂಗು ನನಗಿಂತ ಚುರುಕು.

"ಶಾಂತಕ್ಕಾ, ನಿಮ್ಮನ್ಯಾಗೆ ಏನೋ ಸುಟ್ಟಂಗೈತಲ್ರಿ?"

"ಹಾಲು ಉಕ್ಕಿತ್ತು ಕಣ್ರಿ."

"ಹಾಲಿಂದು ಹಿಂಗ್ ಬರಲ್ರೀ. ಪ್ಲಾಸ್ಟಿಕ್ ಸುಟ್ಟಂಗೆ ಬರ್ತೈತೆ."

"ನಮ್ಮ ಹಾಲಿನವನು ಅಂಥದ್ದೇ ಹಾಕ್ತಾನ್ರಿ," ಎಂದು ಕಿಟಕಿ ಮುಚ್ಚಿದೆ.

ಹೊರಗಿನವರ ಮುಂದೆ ಮೊಮ್ಮಗಳನ್ನು ಬಿಟ್ಟುಕೊಡಲಾಗುತ್ತದೆಯೆ? ಮನೆಯೊಳಗೆ ಮಾತ್ರ ಬಿಡುವವಳಲ್ಲ ನಾನು. ಕಸದ ಬುಟ್ಟಿ ಕೆದಕಿದೆ. ಕಪ್ಪು ದಾರದ ತುಂಡುಗಳು, ತುದಿ ಸುಟ್ಟು ಸಾಸಿವೆ ಕಾಳಿನಂತೆ ಗುಂಡಗಾಗಿದ್ದವು. ಅವಳು ನೀರು ಹಾಕಿಕೊಳ್ಳಲು ಹೋದಾಗ ದಿಂಬು ಎತ್ತಿದೆ. ಸಿಗರೇಟು ಹಚ್ಚುವ ಲೈಟರು!

ಅದನ್ನು ಇದ್ದಲ್ಲೇ ಇಟ್ಟು ಬಂದು, ಅವಳ ತಲೆ ಒರೆಸುತ್ತ ಉಪಾಯ ಮಾಡಿದೆ.

"ಎಲ್ಲಿ, ಬಾಯಿ ತೆಗಿ. ಹಲ್ಲು ಹುಳುಕಾಗೈತೇನೋ ನೋಡಾನ."

ಪಾಪ, ಆ ಎಂದು ಬಾಯಿ ತೆರೆದಳು. ಮೂಗು ತೂರಿಸಿದೆ. ಸಿಗರೇಟಿನ ವಾಸನೆ ಇರಲಿಲ್ಲ. ಸೇದುವವರು ಲವಂಗ ಜಗಿಯುತ್ತಾರಲ್ಲ, ಲವಂಗದ ವಾಸನೆಯೂ ಇರಲಿಲ್ಲ. ಅಂದರೆ ಇನ್ನೂ ಹುಷಾರಾಗಿದ್ದಾಳೆ ಎಂದುಕೊಂಡೆ.

ಫೋನು ಬೇರೆ. "ಹೂಂ ಸರ್, ಕಟ್ಟಿದೀನಿ ಸರ್. ಸ್ವಲ್ಪ ಜಾರ್ತೈತೆ ಸರ್. ಇವತ್ತು ಬಿಚ್ಚಿ ಮತ್ತೆ ಕಟ್ಟ್ತೀನಿ ಸರ್." ಯಾವ ಸರ್? ಏನು ಕಟ್ಟುವುದು, ಏನು ಬಿಚ್ಚುವುದು? ಮದುವೆಗೆ ಬಂದ ಹುಡುಗಿಯ ಬಾಯಲ್ಲಿ ಈ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕೊನೆಗೆ ಒಂದು ದಿನ ಅವಳು ಅಂಗಡಿಗೆ ಹೋದಾಗ ಚೀಲದ ಜಿಪ್ಪು ಎಳೆದೆ. ಮೊದಲು ಕೈಗೆ ಬಂದದ್ದು ಒಂದು ಕರಿ ಪೈಪು. ಎಳೆದೆ, ಎಳೆದೆ, ಮುಗಿಯಲೇ ಇಲ್ಲ. ಪಲ್ಲವಿಗಿಂತ ಉದ್ದ. ತುದಿಯಲ್ಲಿ ಬಟ್ಟಲಿನಷ್ಟು ಅಗಲದ ಒಂದು ಡಬ್ಬಿ, ಡಬ್ಬಿಗೆ ಬಾಯಲ್ಲಿ ಕಚ್ಚಿಕೊಳ್ಳುವಂಥ ಮೆತ್ತನೆಯ ರಬ್ಬರು. ಗಂಗಕ್ಕನ ಗಂಡನಿಗೆ ಉಬ್ಬಸ ಹೆಚ್ಚಾದಾಗ ಆಸ್ಪತ್ರೆಯಲ್ಲಿ ಇಂಥದ್ದೇ ಪೈಪು ಹಚ್ಚಿದ್ದರು. ಸಿಗರೇಟಲ್ಲ, ಪ್ರೀತಿಯಲ್ಲ, ಹುಡುಗಿಗೆ ಉಬ್ಬಸ! ಗಂಡಿನವರಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟಿದ್ದಾಳೆ. ಅಷ್ಟು ದೂರ ಹೋಗಿ ಒಬ್ಬಳೇ ಉಸಿರಿಗೆ ಒದ್ದಾಡಿದಳೇನೋ ಎಂದು ಅಳು ಬಂತು.

ಆದರೆ ಚೀಲದ ತಳದಲ್ಲಿ ಎರಡು ಉಕ್ಕಿನ ಕೊಕ್ಕೆಗಳಿದ್ದವು. ನಾಯಿಯ ಸರಪಳಿಗೆ ಇರುತ್ತದಲ್ಲ, ಹೆಬ್ಬೆರಳಿನಿಂದ ಗುಬುಟು ಎಳೆದರೆ ಬಾಯಿ ಬಿಡುವಂಥದ್ದು, ಅದೇ ಜಾತಿ. ಉಬ್ಬಸಕ್ಕೂ ನಾಯಿ ಕೊಕ್ಕೆಗೂ ಏನು ನಂಟು? ಅಳು ನಿಂತಿತು, ಅನುಮಾನ ಮತ್ತೆ ಎದ್ದು ಕೂತಿತು.

ಪಲ್ಲವಿ ಬಂದು ಬಾಗಿಲಲ್ಲಿ ನಿಂತಳು. ನಾನು ನೆಲದ ಮೇಲೆ ಕೂತಿದ್ದೆ. ಪೈಪು ನನ್ನ ತೊಡೆಯ ಮೇಲೆ ಕೇರೆ ಹಾವಿನಂತೆ ಬಿದ್ದಿತ್ತು.

"ಖರೇ ಹೇಳು. ಉಬ್ಬಸ ಎಷ್ಟು ದಿನದಿಂದ ಐತೆ?"

"ಯಾರಿಗೆ?"

"ನಿನಗೆ ಕಣೇ!"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕೆಳಗೆ ಕೂತಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

"ಅಜ್ಜಿ, ನನಗೇನೂ ಆಗಿಲ್ಲ. ನಾನು ಚೀಟಿ ಬರೆಯೋದು ಬಿಟ್ಟು ಬಾಳ ದಿನ ಆತು. ನಾನೂ ನೀರೊಳಗೆ ಇಳೀತೀನಿ. ಇದು ಅದರ ಪೈಪು. ಸಿಲಿಂಡರಿಂದ ಬಾಯಿಗೆ ಗಾಳಿ ತರ್ತೈತೆ. ಮಳೆಗಾಲ ಮುಗಿದ ಕೂಡ್ಲೆ ಒಂದು ಪರೀಕ್ಷೆ ಐತೆ. ಪಾಸಾದ್ರೆ ಜನರನ್ನ ನಾನೇ ಒಳಗೆ ಕರ್ಕೊಂಡು ಹೋಗಬೌದು. ಇದೊಂದು ವರ್ಷ ತಪ್ಪಿದ್ರೆ ಆ ಜಾಗ ಬ್ಯಾರೇರಿಗೆ."

"ಸಮುದ್ರದಾಗ?"

"ಹೂಂ."

"ತಳಕ್ಕೆ?"

"ತಳಕ್ಕೆ."

"ಅಪ್ಪಗೆ ಗೊತ್ತೈತಾ?"

"ಪಂಚಮಿ ಒಳಗೆ ನಾನೇ ಹೇಳ್ತೀನಿ. ಅಲ್ಲೀವರೆಗೂ ಸುಮ್ಕಿರು ಅಜ್ಜಿ, ನಿನ್ನ ಕೈ ಮುಗೀತೀನಿ."

ಉಬ್ಬಸವೇ ಇದ್ದಿದ್ದರೆ ಔಷಧವಾದರೂ ಇತ್ತು ಎನ್ನಿಸಿತು ನನಗೆ. ಆದರೂ ಸುಮ್ಮನಿರಲು ಒಪ್ಪಿದೆ, ಒಂದು ಷರತ್ತಿನ ಮೇಲೆ. ಇನ್ನು ಮುಂದೆ ಬಾಗಿಲು ಹಾಕಬಾರದು, ಮಾಡುವುದನ್ನೆಲ್ಲ ನನ್ನ ಕಣ್ಣೆದುರಿಗೆ ಮಾಡಬೇಕು.

ಮಾರನೆಯ ದಿನದಿಂದ ನಡುಮನೆಯಲ್ಲಿ ಕೊಕ್ಕೆ ಕಟ್ಟುವ ಕೆಲಸ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಚಾಪೆ ಹಾಸುತ್ತಿದ್ದೆವು. ಪೈಪಿನ ಒಂದು ಕಡೆ ನಾನು ಬಿಗಿಯಾಗಿ ಹಿಡಿಯಬೇಕು. ಅವಳು ಬಾಯಿಯ ಡಬ್ಬಿಯಿಂದ ಒಂದು ಗೇಣು ಹಿಂದಕ್ಕೆ ಅಳೆದು, ಅಲ್ಲಿ ನೈಲಾನ್ ದಾರ ಸುತ್ತುತ್ತಿದ್ದಳು. ದಾರವನ್ನು ಕೊಕ್ಕೆಯ ಹಿಂದಿನ ಬಳೆಯೊಳಗೆ ತೂರಿಸಿ, ಮತ್ತೆ ಪೈಪಿಗೆ ಸುತ್ತಿ, ಆಮೇಲೆ ಪೈಪಿಗೂ ಕೊಕ್ಕೆಗೂ ನಡುವೆ ಅಡ್ಡಡ್ಡ ಬಿಗಿದು ಗಂಟು ಹಾಕುವುದು. ಗಂಟಿನ ತುದಿ ಬಿಚ್ಚದಿರಲು ಲೈಟರಿನಿಂದ ಕರಗಿಸಿ, ಬಿಸಿ ಇರುವಾಗಲೇ ಚಮಚದ ಹಿಂಬದಿಯಿಂದ ಒತ್ತುವುದು. ಲೈಟರಿನ ಅನುಮಾನ ಅಲ್ಲಿಗೆ ಸತ್ತಿತು. ಆದರೆ ಆ ತಿಂಗಳು ಹೇಗಿತ್ತೆಂದರೆ, ಒಂದು ಅನುಮಾನ ಸತ್ತರೆ ಎರಡು ಹುಟ್ಟುತ್ತಿದ್ದವು.

"ಈ ಕೊಕ್ಕೆ ಯಾಕ ಬೇಕು?"

"ಪೈಪು ಬಾಯಾಗಿಲ್ದಾಗ ಜೋತಾಡಬಾರ್ದು ಅಜ್ಜಿ. ಕಲ್ಲಿಗೆ, ಕೆಸರಿಗೆ ಎಳದಾಡಿದ್ರೆ ಕೆಡ್ತೈತೆ. ಭುಜದ ಹತ್ರ ಒಂದು ಬಳೆ ಇರ್ತೈತೆ, ಅದಕ್ಕೆ ಸಿಗಾಕ್ತೀವಿ. ಬೇಕಾದಾಗ ಕಣ್ಣು ಮುಚ್ಚಿಕೊಂಡು ಕೈ ಹಾಕಿದ್ರೂ ಸಿಗಬೇಕು. ಇನ್ನೊಂದು ಕೊಕ್ಕೆ ಗಾಳಿ ಎಷ್ಟು ಉಳದೈತೆ ಅಂತ ತೋರಿಸೋ ಮೀಟರಿನ ಪೈಪಿಗೆ. ಅದು ಸೊಂಟಕ್ಕೆ."

"ಗಾಳಿ ಖಾಲೀನೂ ಆಗ್ತೈತೆ ಅನ್ನು!"

"ಆಗ್ದಂಗೆ ನೋಡ್ಕೊಳ್ಳಾಕೇ ಮೀಟರು."

"ಹಂಗಾರೆ ಇಷ್ಟು ಜೀವದ ಸಾಮಾನಿಗೆ ದಾರ ಯಾಕ ಕಟ್ಟ್ತಿ? ನಿಮ್ಮಪ್ಪನ ಹತ್ರ ತಂತಿ ಐತೆ, ಗಟ್ಟಿ ಬಿಗೀತಾನೆ."

"ತಂತಿ ಬ್ಯಾಡ ಅಜ್ಜಿ. ಕೊಕ್ಕೆ ಎಲ್ಲಾರ ಸಿಕ್ಕಂಡು ಬಿಡಿಸಾಕೆ ಬರಲಿಲ್ಲ ಅಂದ್ರೆ, ಚಾಕು ಹಾಕಿ ದಾರ ಕೊಯ್ದು ಪೈಪು ಬಿಡಿಸ್ಕಬೇಕು. ಎಳದ್ರೆ ಬರಬಾರ್ದು, ಕೊಯ್ದ್ರೆ ಹೋಗಬೇಕು."

"ಚಾಕೂನೂ ಒಯ್ತೀರಿ. ಸಿಗಾಕ್ಕಣದೂ ಐತೆ!"

ಅವಳು ಹಣೆ ಚಚ್ಚಿಕೊಂಡಳು. ಅವಳ ಒಂದೊಂದು ಉತ್ತರಕ್ಕೂ ನನಗೆ ಒಂದೊಂದು ಹೊಸ ಸಾವು ಕಾಣುತ್ತಿತ್ತು.

ಕಟ್ಟಿದ್ದು ನಿಲ್ಲುತ್ತಿರಲಿಲ್ಲ. ಒಣಗಿದ್ದಾಗ ಬಿಗಿಯಾಗಿದ್ದ ದಾರ ಬಕೆಟ್ಟಿನ ನೀರಿನಲ್ಲಿ ನೆನೆಸಿ ಎಳೆದರೆ ನುಣುಪು ರಬ್ಬರಿನ ಮೇಲೆ ಜಾರಿ ಬರುತ್ತಿತ್ತು. ಕತ್ತರಿಸಿ ಎಸೆಯುವುದು, ಮತ್ತೆ ಕಟ್ಟುವುದು. ಬಾಯಿಗೆ ತೀರ ಹತ್ತಿರ ಕಟ್ಟಿದರೆ ಕೊಕ್ಕೆ ದವಡೆಗೆ ತಾಗುತ್ತದೆ, ದೂರ ಕಟ್ಟಿದರೆ ಪೈಪು ಜೋಲುತ್ತದೆ. ಅವಳ ಬೆರಳ ತುದಿಗಳು ಕೆಂಪಗಾಗಿದ್ದವು. ಸಿಟ್ಟಿನಲ್ಲಿ ಒಮ್ಮೆ ಚಮಚ ಎಸೆದಳು. ಮಧ್ಯೆ ಮಧ್ಯೆ ಆ ಸರ್ ಫೋನು ಮಾಡಿ, ಸೈಕಲ್ ಟ್ಯೂಬಿನ ಒಂದು ಬಳೆ ಕತ್ತರಿಸಿ ಕೆಳಗೆ ಹಾಕು, ಅದರ ಮೇಲೆ ಸುತ್ತು ಎಂದ. ನಾನೇ ಬಸ್‌ಸ್ಟ್ಯಾಂಡಿನ ಹತ್ತಿರದ ಸೈಕಲ್ ಅಂಗಡಿಗೆ ಹೋಗಿ ಹಳೆಯ ಟ್ಯೂಬು ಬೇಡಿ ತಂದೆ. "ಅಜ್ಜಿ, ಸೈಕಲ್ ಹೊಡ್ಯಾಕೆ ಶುರು ಮಾಡಿದ್ರಾ?" ಎಂದು ಅವನು ಹಲ್ಲು ಕಿರಿದ. ಟ್ಯೂಬಿನ ಮೇಲೆ ಸುತ್ತಿದ ದಾರ ಹಿಡಿಯಿತು. ನೀರಿನಲ್ಲಿ ನೆನೆಸಿ ಇಬ್ಬರೂ ಎರಡು ಕಡೆ ಜಗ್ಗಿದೆವು, ಜಾರಲಿಲ್ಲ. ಅವಳು ಕುಣಿದಳು. ನಾನೂ ಕುಣಿಯುವವಳಿದ್ದೆ, ಆಮೇಲೆ ನಾನು ಯಾವ ಕಡೆಯವಳು ಎಂದು ನೆನಪಾಗಿ ಸುಮ್ಮನೆ ಕೂತೆ.

ಆಷಾಢ ಮುಗಿಯುವ ಹೊತ್ತಿಗೆ ಸರ್ ಸಿಲಿಂಡರು ತೆಗೆದುಕೊಂಡು ದಾವಣಗೆರೆಗೆ ಬರುತ್ತಾರೆ, ಅಲ್ಲಿನ ಈಜುಕೊಳದಲ್ಲಿ ಅಭ್ಯಾಸ ಮಾಡಿಸುತ್ತಾರೆ ಎಂದಳು. ಕರಾವಳಿಯಿಂದ ಇಲ್ಲಿಯವರೆಗೆ? ಒಬ್ಬ ಹುಡುಗಿಗೋಸ್ಕರ? ಆ ದಿನ ಬಂದ ಕೂಡಲೇ ನಾನೂ ಸೀರೆ ಬದಲಿಸಿದೆ.

"ನೀ ಯಾಕ ಅಜ್ಜಿ?"

"ನನಗೂ ದಾವಣಗೆರ್ಯಾಗೆ ಕೆಲ್ಸೈತೆ."

"ಏನ್ ಕೆಲಸ?"

"ನಿನ್ನ ಕಾಯೋದು."

ಬಸ್ಸಿನಲ್ಲಿ ಚೀಲ ನನ್ನ ಕಾಲಬುಡದಲ್ಲಿ. ಕಂಡಕ್ಟರ್, "ಏನೈತಜ್ಜಿ ಇದ್ರಾಗೆ, ಬಂಡೆಕಲ್ಲಾ?" ಎಂದ. "ಮೊಮ್ಮಗಳ ಮದ್ವಿ ಸಾಮಾನಪ್ಪ," ಎಂದೆ. ಪಲ್ಲವಿ ಕಿಟಕಿ ಕಡೆ ತಿರುಗಿಕೊಂಡಳು.

ಈಜುಕೊಳದಲ್ಲಿ ಮೋಡ ಕವಿದ ಮಧ್ಯಾಹ್ನಕ್ಕೆ ಯಾರೂ ಇರಲಿಲ್ಲ. ಜೀಪಿನಿಂದ ಇಳಿದ ಸರ್‌ನನ್ನು ಕಣ್ಣು ಕಿರಿದು ಮಾಡಿ ನೋಡಿದೆ. ನನ್ನ ಮಗನಿಗಿಂತ ದೊಡ್ಡವನು, ನೆರೆತ ಮೀಸೆ, ಬಿಸಿಲಿಗೆ ಸುಟ್ಟ ಮೈ. ಹೆಸರು ಗಣಪತಿ. ಮೀನುಗಾರರ ಮನೆಯವನಂತೆ. ಶಿವಮೊಗ್ಗದಲ್ಲಿ ಮಗಳ ಮನೆಗೆ ಹೊರಟವನು ಸುತ್ತು ಹಾಕಿ ಬಂದಿದ್ದನಂತೆ. ನಮಸ್ಕಾರ ಅಮ್ಮಾ ಎಂದು ಕುರ್ಚಿ ತಂದು ಹಾಕಿದ. ಇಷ್ಟು ಮರ್ಯಾದೆ ಯಾಕೆ ಎಂದು ಅದಕ್ಕೂ ಒಂದು ಅನುಮಾನ ಪಟ್ಟೆ.

ಅವನು ಮಾತಾಡದೆ ಪೈಪುಗಳನ್ನು ಕೈಗೆತ್ತಿಕೊಂಡ. ಒಂದೊಂದು ಕೊಕ್ಕೆಯನ್ನೂ ಹಿಡಿದು ಜಗ್ಗಿದ, ತಿರುಚಿದ, ಕಾಲಲ್ಲಿ ಪೈಪು ಮೆಟ್ಟಿ ಎಳೆದ. ನನಗಿಂತ ಹೆಚ್ಚು ಅನುಮಾನದವನು! ಮೊದಲ ಬಾರಿ ಆ ಮನುಷ್ಯ ಸ್ವಲ್ಪ ಹಿಡಿಸಿದ.

"ಕಟ್ಟಿದ್ದು ಯಾರು?"

"ನಾನು ಸರ್. ಅಜ್ಜಿ ಹಿಡ್ಕೊಂಡಿದ್ರು."

"ಹೌದಾ ಅಮ್ಮಾ? ಚಲೋ ಹಿಡಿದಿದ್ದೀರಿ."

ನಾನು ನಗಲಿಲ್ಲ. ಆದರೆ ಸೆರಗು ಸರಿ ಮಾಡಿಕೊಂಡೆ.

ಇಬ್ಬರೂ ಸಿಲಿಂಡರು ಹೊತ್ತು ನೀರಿಗಿಳಿದರು. ಇಳಿಯುವ ಮುಂಚೆ ಪಲ್ಲವಿ ಕೊಕ್ಕೆಯನ್ನು ಭುಜದ ಬಳೆಗೆ ಹಾಕಿದಳು, ಟಕ್ಕೆಂದಿತು. ನೋಡದೆ ಬಿಚ್ಚಿ ಬಾಯಿಗಿಟ್ಟುಕೊಂಡಳು. ಅಂಥದ್ದೇ ಬಾಯಿ ಡಬ್ಬಿಯ ಇನ್ನೊಂದು ಚಿಕ್ಕ ಪೈಪು ರಬ್ಬರಿನ ಕುಣಿಕೆಯಲ್ಲಿ ಕೊರಳಿಗೆ ತೂಗುತ್ತಿತ್ತು. ನೀರು ತಿಳಿಯಾಗಿತ್ತು, ತಳದ ನೀಲಿ ಬಿಲ್ಲೆಗಳವರೆಗೂ ಕಾಣುತ್ತಿತ್ತು. ಗುಳು ಗುಳು ಗುಳ್ಳೆ ಏಳುವುದನ್ನೇ ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಆಗ ಆ ಗಣಪತಿ ಕೈಯನ್ನು ಕತ್ತಿನ ಮೇಲೆ ಅಡ್ಡಡ್ಡ ಆಡಿಸಿದ, ಕೊಯ್ದ ಹಾಗೆ. ತನ್ನ ಬಾಯಿಯ ಪೈಪು ತೆಗೆದುಬಿಟ್ಟ. ಪಲ್ಲವಿ ಏನು ಮಾಡಿದಳು ಗೊತ್ತೆ? ತನ್ನ ಬಾಯಿಂದ ಪೈಪನ್ನು ಕಿತ್ತು ಅವನ ಬಾಯಿಗೆ ಕೊಟ್ಟಳು! ಕೊರಳಲ್ಲಿ ಒಂದು ಸುಮ್ಮನೆ ತೂಗುತ್ತಿರುವಾಗ, ಬಾಯಲ್ಲಿದ್ದದ್ದನ್ನು!

ನಾನು ಕುರ್ಚಿಯಿಂದ ಎದ್ದೆ. ಎಂಜಲು! ಲೋಟಕ್ಕೆ ತುಟಿ ತಾಗಿಸಿ ಕುಡಿಯುವವರನ್ನು ಹೊಸ್ತಿಲ ಒಳಗೆ ಬಿಡದ ಮನೆಯವಳು ನಾನು. ಮದುವೆಯಾಗದ ಹೆಣ್ಣು, ಪರ ಗಂಡಸಿಗೆ, ಬಾಯಿಂದ ಬಾಯಿಗೆ! ಫೋನಿನ ಗುಂಡಿ ಒತ್ತಿದೆ.

"ಮಂಜಾ, ಇದ್ದ ಕೆಲ್ಸ ಬಿಟ್ಟು ಈಜುಕೊಳಕ್ಕೆ ಬಾ. ಬಂದು ನಿನ್ನ ಮಗಳ ಅವತಾರ ನೋಡು. ಅವಳು ಎಲ್ಲೀಗೂ ಹೋಗಾದು ಬ್ಯಾಡ."

ಅವರು ಮೇಲೆ ಬಂದ ಕೂಡಲೇ ಅಂಚಿಗೆ ಹೋಗಿ ನಿಂತೆ.

"ನಾಚಿಕಿ ಐತೇನೇ ನಿನಗೆ? ನಿನ್ನ ಎಂಜಲ ಅವರ ಬಾಯಿಗಿಟ್ಟಿ? ಇದಕ್ಕೇನೇ ಅಷ್ಟು ದಿನ ನನ್ನ ಕೈಲಿ ಪೈಪು ಹಿಡಿಸಿದ್ದು?"

ಪಲ್ಲವಿ ಈಜುವ ಕನ್ನಡಕ ಹಣೆಗೇರಿಸಿದಳು. ಮೂಗಿನಿಂದ ನೀರು ಸುರಿಯುತ್ತಿತ್ತು.

"ಅಜ್ಜಿ, ಅವರಿಗೆ ಗಾಳಿ ಮುಗಿದೈತೆ ಅಂತ ಲೆಕ್ಕ. ಗಾಳಿ ಮುಗಿದೋರು ಕೂತು ಹುಡುಕ್ತಾರಾ? ನನ್ನ ಬಾಯಾಗಿರೋದೇ ಕಣ್ಣಿಗೆ ಕಾಣಾದು, ಅದಕ್ಕೇ ಕೈ ಹಾಕ್ತಾರೆ. ಮೇಲಾಗಿ ಅದು ನಡೀತೈತೆ ಅಂತ ನನಗೆ ಗೊತ್ತೈತೆ, ಆಗತಾನೆ ನಾನು ಅದರಾಗೇ ಉಸಿರು ತಗೊಂಡೀನಿ. ಕೊರಳಿಂದು ನಾನು ಹಾಕ್ಕೊಂತೀನಿ. ಸಾಯೋರಿಗೆ ಪರೀಕ್ಷೆ ಮಾಡ್ದೇ ಇರೋದನ್ನ ಕೊಡಾಕಾಗ್ತೈತಾ?"

"ಎಂಜಲ ಎಂಜಲನೇ."

"ಸಣ್ಣಾಕಿದ್ದಾಗ ನೀನು ಕಬ್ಬು ಹಲ್ಲಾಗೆ ಸಿಗಿದು ಕೊಡ್ತಿದ್ದೆಲ್ಲ, ಅದು?"

"ಅದು ಬ್ಯಾರೆ!"

"ಹೆಂಗೆ ಬ್ಯಾರೆ?"

ಗಣಪತಿ ಮೆಟ್ಟಿಲ ಮೇಲೆ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದ. ನಾನು ಸೋಲುವವಳಲ್ಲ. ನನ್ನಲ್ಲಿ ಇನ್ನೂ ಒಂದು ಅನುಮಾನ ಉಳಿದಿತ್ತು, ಎಲ್ಲಕ್ಕಿಂತ ದೊಡ್ಡದು. ನೀರೊಳಗೆ ಮುಖವಿಟ್ಟರೆ ಆ ಪೈಪಿನಲ್ಲಿ ನಿಜವಾಗಿ ಗಾಳಿ ಬರುತ್ತದೆಯೆ? ಇಲ್ಲ ಇವರು ಉಸಿರು ಕಟ್ಟಿಕೊಂಡು ನಾಟಕ ಆಡುತ್ತಿದ್ದಾರಾ?

"ಎಲ್ಲಿ, ನನಗೆ ಕೊಡು."

ಇಬ್ಬರೂ ನನ್ನನ್ನು ನೋಡಿದರು.

"ಸುಮ್ಕೆ ಬಾಯಿ ಮಾತಿಗೆ ನಂಬಾಕೆ ನಾನೇನ್ ಹುಚ್ಚೀನಾ? ಕೊಡು, ನೋಡ್ತೀನಿ."

ಸೀರೆಯನ್ನು ಕಚ್ಚೆ ಹಾಕಿ, ಕಂಬಿ ಹಿಡಿದು, ಮೆಟ್ಟಿಲಿಳಿದು ಎದೆಮಟ್ಟದ ನೀರಿನಲ್ಲಿ ಕೂತೆ. ಒಂದು ಕಡೆ ಪಲ್ಲವಿ, ಇನ್ನೊಂದು ಕಡೆ ಗಣಪತಿ. "ಉಸಿರು ಹಿಡಿದಿಡಬೇಡಿ ಅಮ್ಮಾ, ಎಳೀರಿ, ಬಿಡ್ರಿ, ಎಂತ ಹೆದರಿಕೆ ಇಲ್ಲ," ಎಂದ. ಪಲ್ಲವಿ ತನ್ನ ಬಾಯಿಂದ ಪೈಪು ತೆಗೆದು, ಕೊರಳಿನದನ್ನು ತಾನು ಕಚ್ಚಿಕೊಂಡು, ಕೈ ಚಾಚಿದಳು. ಅವಳ ಉಸಿರಿನಿಂದ ರಬ್ಬರು ಇನ್ನೂ ಬೆಚ್ಚಗಿತ್ತು. ಒರೆಸಿಕೊಳ್ಳಲೂ ಇಲ್ಲ ನೋಡಿ ನಾನು. ಉಳಿದಿರುವ ಹಲ್ಲುಗಳಲ್ಲೇ ಕಚ್ಚಿ ಹಿಡಿದು, ಮನೆದೇವರನ್ನು ನೆನೆದು, ಮುಖ ಮುಳುಗಿಸಿದೆ.

ಬಂತು. ಗಾಳಿ ಬಂತು! ತಣ್ಣಗೆ, ಧಾರಾಳವಾಗಿ, ಕೇಳಿದಷ್ಟು. ಎಳೆದರೆ ಸುಂಯ್ ಎನ್ನುತ್ತದೆ, ಬಿಟ್ಟರೆ ಕಿವಿಯ ಪಕ್ಕದಲ್ಲಿ ಗುಡು ಗುಡು ಗುಳ್ಳೆ. ಹೊಳೆಯ ದಂಡೆಯಲ್ಲಿ ಜನ್ಮವೆಲ್ಲ ಕಳೆದು, ಮೊಣಕಾಲಿನ ಮೇಲೆ ನೀರು ಕಾಣದವಳು ನಾನು. ನೀರೊಳಗೆ ಉಸಿರಾಡುತ್ತಿದ್ದೆ! ಮಸುಕು ಮಸುಕಾಗಿ ನನ್ನದೇ ಕಾಲ್ಬೆರಳು ಕಂಡಿತು, ತೇಲುವ ಸೆರಗು ಕಂಡಿತು. ಪಕ್ಕದಲ್ಲಿ ಪಲ್ಲವಿ ನನ್ನ ತೋಳು ಹಿಡಿದು, ನಾನು ಉಸಿರು ಬಿಟ್ಟಾಗ ಬಿಟ್ಟು, ಎಳೆದಾಗ ಎಳೆದು, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳನ್ನು ಕಾಯಲು ಬಂದಿದ್ದೆ. ಇವತ್ತಿಗೆ ಅವಳು ಪರೀಕ್ಷೆ ಪಾಸಾಗಿ ಯಾವ ಯಾವುದೋ ಊರಿನವರನ್ನು ಸಮುದ್ರದೊಳಗೆ ಕರೆದೊಯ್ಯುತ್ತಾಳೆ. ಆದರೆ ಮೊಟ್ಟಮೊದಲು ನೀರೊಳಗೆ ಕರೆದೊಯ್ದದ್ದು ನನ್ನನ್ನು. ಇದನ್ನು ನಾನು ಓಣಿಯವರಿಗೆಲ್ಲ ಹೇಳಿದ್ದೇನೆ, ಗಂಗಕ್ಕನಿಗಂತೂ ಲೆಕ್ಕವಿಲ್ಲದಷ್ಟು ಸಲ.

ಮುಖ ಎತ್ತಿದಾಗ ಅಂಚಿನಲ್ಲಿ ಖಾಕಿ ಬಟ್ಟೆಯ, ಗ್ರೀಸು ಮೆತ್ತಿದ ಕೈಯ ಮಂಜಪ್ಪ ನಿಂತಿದ್ದ. ಬಾಯಿ ತೆರೆದೇ ಇತ್ತು.

"ಅವ್ವಾ!" ಎಂದ. "ಮಗಳ ಅವತಾರ ನೋಡು ಬಾ ಅಂತ ಕರೆದು, ನೀ ಏನ್ ಮಾಡ್ತಿದ್ದಿ?"

ತಡೆ ಎಂದು ಕೈ ತೋರಿಸಿ ಮತ್ತೊಮ್ಮೆ ಮುಳುಗಿದೆ. ಬೇಕಾದಷ್ಟು ಹೊತ್ತು ಇದ್ದೆ. ಆಮೇಲೆ ಪೈಪು ಪಲ್ಲವಿಯ ಕೈಗೆ ಕೊಟ್ಟು, ಮುಖ ಒರೆಸಿಕೊಂಡೆ.

"ಅಪ್ಪಾ, ನಾನು ಹೇಳಬೇಕಂತಿದ್ದೆ..." ಎಂದು ಪಲ್ಲವಿ ಶುರು ಮಾಡಿದಳು.

"ನೀ ಸುಮ್ಕಿರು," ಎಂದೆ. "ಮಂಜಾ, ನನ್ನ ಮಾತೇ ಕೊನಿ ಅಂದಿದ್ದೆಲ್ಲ? ಕೇಳು. ಇವಳು ನೀರಿಗೆ ಇಳೀತಾಳೆ. ನೆಟ್ಟಗೆ ಇಳೀತಾಳೆ. ನಾನೇ ನೋಡ್ದೆ. ಕಳಸು."

ಅವನು ಮಗಳನ್ನು ನೋಡಿದ, ಸಿಲಿಂಡರನ್ನು ನೋಡಿದ, ನೀರು ಸುರಿಯುವ ನನ್ನನ್ನು ನೋಡಿದ. ಮೆಟ್ಟಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಪೈಪನ್ನು ಮುಟ್ಟಿದ. ಕೊಕ್ಕೆಯ ಗುಬುಟನ್ನು ಎಳೆದು ಬಿಟ್ಟ, ಎಳೆದು ಬಿಟ್ಟ.

"ರಾಣೆಬೆನ್ನೂರಿನವ್ರಿಗೆ ಏನಂತ ಹೇಳ್ಲಿ?" ಎಂದ.

"ಬರ್ಲಿ. ಪಂಚಮಿ ಉಂಡಿ ತಿಂದು ಹೋಗ್ಲಿ. ಆ ಹುಡುಗಂಗೆ ಈಜು ಬರ್ತೈತಾ?"

"ನನಗೇನ್ ಗೊತ್ತವ್ವಾ? ಅವರು ಹೇಳಿಲ್ಲ."

"ಹೇಳಿಲ್ಲಾ?" ನಾನು ಕಂಬಿ ಹಿಡಿದು ಮೇಲೆ ಹತ್ತುತ್ತ ಕೇಳಿದೆ. "ಯಾಕ ಹೇಳಿಲ್ಲ? ಏನೋ ಮುಚ್ಚಿಡ್ತಾರೆ ನೋಡು ಅವರು."